ಇಂಗ್ಲಿಷ್ ಇಲ್ಲದ ಪುಸ್ತಕ

ಕೊಡಿಯಾಲ್‌ಬೈಲಿನ ಪುಸ್ತಕದಂಗಡಿಯವರು ಶಶಿಪ್ರಭಾ ಕೇಳಿದ್ದನ್ನು ಎರಡು ಸಲ ಹೇಳಿಸಿಕೊಂಡರು. ಆಮೇಲೆ ಸ್ಟೂಲು ಹತ್ತಿ, ಮೇಲಿನ ಕಪಾಟಿನಿಂದ ಧೂಳು ಹಿಡಿದ ತೆಳ್ಳಗಿನ ಪುಸ್ತಕವೊಂದನ್ನು ಎಳೆದು ತೆಗೆದು, ಬಟ್ಟೆಯಿಂದ ಒರೆಸಿ ಅವಳ ಮುಂದಿಟ್ಟರು. ಜಪಾನ್ ಪದ್ಧತಿಯಲ್ಲಿ ಭತ್ತದ ನಾಟಿ ಮಾಡುವುದು ಹೇಗೆಂದು ರೈತರಿಗೆ ತಿಳಿಸುವ ಹಳೆಯ ಕಾಲದ ಪುಸ್ತಕ ಅದು.

“ಜಪಾನಿಂದು ಅಂತ ನಮ್ಮಲ್ಲಿ ಇದೊಂದೇ ಉಂಟು,” ಎಂದರು.

“ಇದಲ್ಲ. ಭಾಷೆ ಕಲಿಯುವ ಪುಸ್ತಕ ಬೇಕಿತ್ತು.”

“ಜಪಾನ್ ಭಾಷೆಯಾ? ಅದು ಎಂತಕ್ಕೆ ಮಾರಾಯ್ತಿ? ಜರ್ಮನ್ ಬೇಕಾದ್ರೆ ಹೇಳು, ಪಾದ್ರಿಗಳು ತರಿಸಿದ್ದು ಒಂದು ಉಳಿದಿದೆ.”

ಶಶಿಪ್ರಭಾ ಬೇಡವೆಂದು ತಲೆಯಾಡಿಸಿ ಹೊರಗೆ ಬಂದಳು. ಅದು ಎಂಬತ್ತೈದರ ಏಪ್ರಿಲ್ ಕೊನೆ. ಮಂಗಳೂರಿನಲ್ಲಿ ಜಪಾನೀ ಭಾಷೆಯ ಪುಸ್ತಕ ಸಿಗುವುದಿಲ್ಲ ಎಂಬುದು ಅವಳಿಗೆ ಮೊದಲೇ ಗೊತ್ತಿದ್ದ ಸಂಗತಿ. ಆದರೂ ಒಮ್ಮೆ ಕೇಳಿ ನೋಡದೆ ಇಲ್ಲವೆಂದು ಹೇಳುವುದು ಅವಳ ಸ್ವಭಾವಕ್ಕೆ ಒಗ್ಗುತ್ತಿರಲಿಲ್ಲ.

ಅವಳು ಕೆಲಸಕ್ಕಿದ್ದದ್ದು ಬೈಕಂಪಾಡಿಯ ಒಂದು ಮೀನಿನ ಕಾರ್ಖಾನೆಯಲ್ಲಿ. ಸಿಗಡಿಯನ್ನೂ ಬೊಂಡಾಸ್ ಎನ್ನುವ ಸ್ಕ್ವಿಡ್ಡನ್ನೂ ಹೆಪ್ಪುಗಟ್ಟಿಸಿ, ಕಾರ್ಟನ್‌ಗಳಲ್ಲಿ ತುಂಬಿ ಜಪಾನಿಗೆ ಕಳಿಸುವ ಕಾರ್ಖಾನೆ. ಪಿಯುಸಿಯಲ್ಲಿ ಇಂಗ್ಲಿಷ್ ಹೋದ ವರ್ಷ ಅವಳು ಅಲ್ಲಿನ ಸಿಗಡಿ ಸುಲಿಯುವ ಮೇಜಿಗೆ ಸೇರಿದ್ದಳು. ಬಂಟರ ಮನೆಯ ಹುಡುಗಿ ಸಿಗಡಿ ಸುಲಿಯಲಿಕ್ಕೆ ಹೋಗುತ್ತಾಳೆಂದು ಅವಳ ಊರು ಕಾವೂರಿನಲ್ಲಿ ನಾಲ್ಕು ಜನ ಆಡಿಕೊಂಡರು. ಉಳುವವನೇ ಒಡೆಯನೆಂಬ ಕಾನೂನಿನಿಂದ ಮನೆಯ ಗದ್ದೆಯೆಲ್ಲ ಒಕ್ಕಲಿನವರ ಹೆಸರಿಗೆ ಹೋಗಿದ್ದ ಕಾಲ. ಅವಳ ಅಮ್ಮ ಗುಣವತಿ ಆ ಮಾತುಗಳನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಐಸಿನ ನೀರಿನಲ್ಲಿ ಕೈಯಿಟ್ಟು ಕೂತು ಬೆರಳಿನ ತುದಿ ಬಿರಿಯುತ್ತಿತ್ತು. ಮನೆಗೆ ಬಂದು ಊಟಕ್ಕೆ ಕೂತರೆ ಸಾರಿನ ಖಾರ ಆ ಬಿರುಕಿಗೆ ಹತ್ತುತ್ತಿತ್ತು.

ಅಲ್ಲಿಂದ ಅವಳನ್ನು ಎಬ್ಬಿಸಿದ್ದು ಕಾರ್ಟನ್‌ಗಳ ಮೇಲಿನ ಅಕ್ಷರಗಳು. ಸರಕು ಕೊಳ್ಳುವ ಜಪಾನೀ ಕಂಪೆನಿಯವರು ಸೀಸನ್ನು ಶುರುವಾದಾಗ ಹಿರಾಯಾಮ ಎಂಬವರನ್ನು ಮಾಲಿನ ಪರೀಕ್ಷೆಗೆ ಕಳಿಸುತ್ತಿದ್ದರು. ಮಳೆಗಾಲಕ್ಕೆ ದೋಣಿಗಳು ದಡಕ್ಕೇರುವ ತನಕ ಅವರು ಇಲ್ಲೇ ಇರುತ್ತಿದ್ದರು. ಕಾರ್ಟನ್‌ನ ಮೇಲಿನ ಅಕ್ಷರ ಎಂತದೆಂದು ಶಶಿಪ್ರಭಾ ಒಂದು ದಿನ ಬೆರಳು ತೋರಿಸಿ ಕೇಳಿದಳು. ಅವರು ಹೇಳಿದರು. ಮರುದಿನ ಇನ್ನೊಂದು ಕೇಳಿದಳು. ಇಬ್ಬರ ಇಂಗ್ಲಿಷೂ ಅಷ್ಟಕ್ಕಷ್ಟೇ ಆದ್ದರಿಂದ ನಡುವೆ ಬೆಳೆದದ್ದು ಜಪಾನಿಯೇ. ಮೂರು ಸೀಸನ್ ಕಳೆಯುವಷ್ಟರಲ್ಲಿ ಅವಳು ಆಫೀಸಿನ ಕೋಣೆಯಲ್ಲಿ ಲೇಬಲ್ ನೋಡುವ ಕುರ್ಚಿಗೆ ಬಂದಿದ್ದಳು. ಆದರೆ ಕಾರ್ಖಾನೆಯಲ್ಲಿ ಎಲ್ಲರೂ ತಿಳಿದುಕೊಂಡದ್ದು ಬೇರೆ. ಫಾರಿನ್ನಿನವರ ಹತ್ತಿರ ಇಷ್ಟು ಮಾತಾಡುವವಳಿಗೆ ಇಂಗ್ಲಿಷ್ ನೀರು ಕುಡಿದ ಹಾಗೆ ಬರುತ್ತದೆ ಎಂದು. ಅಲ್ಲವೆಂದು ಹೇಳಲು ಅವಳಿಗೆ ನಾಚಿಕೆಯಾಯಿತು. ಹೇಳದೆ ಉಳಿದ ಮೇಲೆ, ಹೇಳುವುದು ಇನ್ನೂ ಕಷ್ಟವಾಯಿತು.

ಕಾರ್ಖಾನೆಯ ಯಜಮಾನರು ಸರ್ವೋತ್ತಮ ಹೆಗ್ಡೆ. ಏಪ್ರಿಲ್‌ನಲ್ಲಿ ಅವರು ಅವಳನ್ನು ಕರೆದು ಕೂರಿಸಿಕೊಂಡರು.

“ಶಶಿಪ್ರಭಾ, ನಿನಗೆ ಆ ಭಾಷೆ ಎಷ್ಟು ಬರ್ತದೆ?”

“ಸ್ವಲ್ಪ ಬರ್ತದೆ ಸಾರ್.”

“ಸ್ವಲ್ಪ ಅಂದ್ರೆ ಎಷ್ಟು ಅಂತ ಅವರು ಕೇಳ್ತಾರೆ. ಬರುವ ವರ್ಷದಿಂದ ಪ್ಯಾಕಿಂಗಿನ ಸೂಚನೆ ಎಲ್ಲ ಜಪಾನಿಯಲ್ಲೇ ಕಳಿಸ್ತಾರಂತೆ. ಮಧ್ಯಮ ಹಂತದ ಪರೀಕ್ಷೆ ಪಾಸಾದವರು ಒಬ್ಬರು ನಮ್ಮಲ್ಲಿ ಇರಬೇಕಂತೆ. ಡಿಸೆಂಬರಿನಲ್ಲಿ ಬೊಂಬಾಯಿಯಲ್ಲಿ ಪರೀಕ್ಷೆ ಉಂಟು. ನೀನು ಬರಿ. ಪಾಸಾದ್ರೆ ಈಗಿನ ಕುರ್ಚಿಯಲ್ಲೇ ಇನ್ನೂ ಗಟ್ಟಿಯಾಗಿ ಕೂತುಕೊಳ್ಳಬಹುದು.”

“ಆಗದಿದ್ರೆ ಸಾರ್?”

ಹೆಗ್ಡೆಯವರು ಕೆಟ್ಟವರಲ್ಲ. ಸುತ್ತಿಬಳಸಿ ಹೇಳುವ ಅಭ್ಯಾಸ ಮಾತ್ರ ಇರಲಿಲ್ಲ. “ಆಗದಿದ್ರೆ ಬೊಂಬಾಯಿಯಿಂದ ಜನ ತರಿಸಬೇಕು. ಆಫೀಸಿನಲ್ಲಿ ಇರುವುದು ಅದೊಂದೇ ಜಾಗ. ಮತ್ತೆ ನೀನು ಶೆಡ್ಡಿಗೇ ಹೋಗಬೇಕಾದೀತು.”

ಶೆಡ್ಡೆಂದರೆ ಸಿಗಡಿ ಸುಲಿಯುವ ಮೇಜು. ಅವಳು ಬೆರಳುಗಳನ್ನು ಸೀರೆಯ ಸೆರಗಿನೊಳಗೆ ಮಡಚಿಕೊಂಡು “ಬರೀತೇನೆ ಸಾರ್” ಎಂದಳು.

ಬೊಂಬಾಯಿಯಲ್ಲಿ ಹೋಟೆಲ್ ಇಟ್ಟಿದ್ದ ಸೋದರಮಾವ ಲೋಕನಾಥರಿಗೆ ಅಮ್ಮ ಕಾಗದ ಬರೆಸಿದರು. ಮಾವ ಸುಮ್ಮನೆ ಕೂರುವ ಜನವಲ್ಲ. ಎರಡು ವಾರದೊಳಗೆ ಬೊಂಬಾಯಿ ಬಸ್ಸಿನ ಡ್ರೈವರನ ಕೈಯಲ್ಲಿ ಒಂದು ಕಟ್ಟು ಬಂತು. ಒಳಗೆ ಕೆಂಪು ರಟ್ಟಿನ ದಪ್ಪ ಪುಸ್ತಕ, ಮೊದಲನೆಯ ಭಾಗ. ಇಂಗ್ಲಿಷಿನಲ್ಲಿ ವಿವರಿಸಿ ಜಪಾನಿ ಕಲಿಸುವ ಪುಸ್ತಕ ಅದು. ಒಂದು ಪುಟದಲ್ಲಿ ಜಪಾನೀ ವಾಕ್ಯ ನಾಲ್ಕಿದ್ದರೆ ಇಂಗ್ಲಿಷ್ ಸಾಲು ಇಪ್ಪತ್ತು.

ಶಶಿಪ್ರಭಾ ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಕೂತಳು. ಕೊನೆಯ ಪದದ ಅರ್ಥ ಸಿಗುವಷ್ಟರಲ್ಲಿ ಮೊದಲ ಪದದ ಅರ್ಥ ಮರೆತಿರುತ್ತಿತ್ತು. ಪದಗಳ ಅರ್ಥವೆಲ್ಲ ಸಿಕ್ಕಿದಾಗಲೂ ವಾಕ್ಯದ ಅರ್ಥ ಸಿಗುತ್ತಿರಲಿಲ್ಲ. ಜಪಾನಿ ಕಲಿಯಲು ಹೊರಟವಳು ಪುನಃ ಪಿಯುಸಿಯ ಬೆಂಚಿನಲ್ಲೇ ಕೂತ ಹಾಗಾಯಿತು. ಅತ್ತ ಅಮ್ಮ ಬೇಲಿಯ ಬಳಿ ನಿಂತು ಪಕ್ಕದ ಮನೆಯ ಗುಲಾಬಿಯಕ್ಕನಿಗೆ ಹೇಳುತ್ತಿದ್ದರು: “ನಮ್ಮ ಶಶಿ ಇಂಗ್ಲಿಷ್ ಪುಸ್ತಕ ಹಿಡಿದ್ರೆ ಊಟಕ್ಕೂ ಏಳುವುದಿಲ್ಲ ನೋಡಿ.”

ಮೇ ತಿಂಗಳ ನಡುವಿಗೆ ಹಿರಾಯಾಮ ಆ ಪುಸ್ತಕವನ್ನು ತಿರುವಿ ನೋಡಿದರು. ಇದು ಮಧ್ಯಮ ಹಂತಕ್ಕೆ ಸಾಲದು ಎಂದರು. ತಿಂಗಳ ಕೊನೆಗೆ ಅವರು ಊರಿಗೆ ಹೋಗುವವರು. ಜುಲೈಯಲ್ಲಿ ಹೊಸ ಸೀಸನ್ನಿನ ಲೇಬಲ್‌ಗಳ ಪೆಟ್ಟಿಗೆ ವಿಮಾನದಲ್ಲಿ ಬರುತ್ತದೆ. ಅದರಲ್ಲಿ ಒಂದು ಪುಸ್ತಕ ಹಾಕಿ ಕಳಿಸಬಹುದು. ಒಂದೇ. ಯಾವುದು ಬೇಕೆಂದು ಅವಳು ಹೇಳಬೇಕು.

ಅವರು ಎರಡು ಹೆಸರು ಬರೆದು ಕೊಟ್ಟರು. ಒಂದು, ಈ ಕೆಂಪು ಪುಸ್ತಕದ ಎರಡನೆಯ ಭಾಗ. ಇನ್ನೊಂದು, ಜಪಾನಿನಲ್ಲೇ ಇದ್ದು ಕಲಿಯುವ ವಿದೇಶೀಯರ ಅಭ್ಯಾಸ ಪುಸ್ತಕ. ಅದರಲ್ಲಿ ರಟ್ಟಿನಿಂದ ರಟ್ಟಿನವರೆಗೆ ಜಪಾನಿ ಬಿಟ್ಟರೆ ಬೇರೆ ಅಕ್ಷರವಿಲ್ಲ. ಹಿರಾಯಾಮ ಮೊದಲನೆಯದಕ್ಕೆ ಒಂದು ಸುತ್ತು ಹಾಕಿ, “ಇಂಡಿಯಾದವರಿಗೆ ಇಂಗ್ಲಿಷ್ ಸುಲಭ” ಎಂದರು. ಅಲ್ಲವೆನ್ನಲು ನಾಚಿ ಅವಳು ಹೌದೆಂದು ತಲೆಯಾಡಿಸಿದಳು.

ಆ ವಾರ ಪ್ರತಿ ಮಧ್ಯಾಹ್ನ ಮಾಲಿನ ಮಾದರಿಯನ್ನು ಬೇಯಿಸಿ ರುಚಿ ನೋಡುವ ಕೆಲಸವಿತ್ತು. ಅಲಿಯಬ್ಬ ಅಲ್ಲೇ ಇದ್ದರು. ಬೆಳಗಾಗುವಾಗ ಬಂದರಿನ ದಕ್ಕೆಗೆ ಹೋಗಿ ದೋಣಿಗಳಿಂದ ಸಿಗಡಿ ಆರಿಸಿ ತರುವವರು ಅವರು; ಎಲ್ಲರ ಬಾಯಲ್ಲಿ ಅಲಿಯಬ್ಬಾಕ. ಹಿರಾಯಾಮ ಎಂಬ ಹೆಸರು ನಾಲಗೆಗೆ ಹೊಂದದೆ ಅವರು ಅದನ್ನು ಹಿರಿಯಣ್ಣ ಮಾಡಿಕೊಂಡಿದ್ದರು. ಹಿರಾಯಾಮ ಬೇಯಿಸಿದ ಒಂದು ಸಿಗಡಿಯನ್ನು ತಟ್ಟೆಯಲ್ಲಿಟ್ಟು ಅವರ ಮುಂದೆ ಹಿಡಿದರು.

“ತಾಬೆತೆ ಮಿತೆ.”

“ಎಂತ ಹೇಳ್ತಾರೆ ಹಿರಿಯಣ್ಣ?”

“ತಿಂದು ನೋಡಿ ಅಂತ,” ಎಂದಳು ಶಶಿಪ್ರಭಾ.

ಅಲಿಯಬ್ಬ ತಿಂದರು. “ನೋಡ್ಲಿಕ್ಕೆ ಎಂತ ಉಂಟು ಇದರಲ್ಲಿ? ಉಪ್ಪಿಲ್ಲ, ಖಾರ ಇಲ್ಲ. ಬಾಣಂತಿಗೂ ಇದಕ್ಕಿಂತ ಚಂದ ಮಾಡಿ ಹಾಕ್ತಾರೆ.”

ಅವಳಿಗೆ ನಗು ಬರಲಿಲ್ಲ. ತಾನೇ ಹೇಳಿದ ಮಾತು ಅವಳ ಕಿವಿಯಲ್ಲಿ ನಿಂತುಬಿಟ್ಟಿತ್ತು. ತಾಬೆತೆ ಎಂದರೆ ತಿಂದು. ಮಿತೆ ಎಂದರೆ ನೋಡು. ತುಳುವಿನಲ್ಲಾದರೂ ಅಷ್ಟೇ, ತಿಂದ್‌ದ್ ತೂಲೆ. ಇದೊಂದನ್ನು ವಿವರಿಸಲು ಕೆಂಪು ಪುಸ್ತಕ ಒಂದು ಪುಟ ಇಂಗ್ಲಿಷ್ ಬರೆದಿತ್ತು. ಆ ಪುಟದಲ್ಲಿ ಅವಳು ಒಂದಿಡೀ ಸಂಜೆ ಸಿಕ್ಕಿಕೊಂಡಿದ್ದಳು. ಮನೆಗೆ ಹೋದವಳೇ ಕಾರ್ಟನ್‌ನ ರಟ್ಟಿನ ತುಂಡಿನಿಂದ ಇಂಗ್ಲಿಷ್ ಸಾಲುಗಳನ್ನು ಮುಚ್ಚಿ, ಜಪಾನೀ ವಾಕ್ಯಗಳನ್ನು ಮಾತ್ರ ಓದಿದಳು. ಇತ್ತೆ ಕುರು: ಹೋಗಿ ಬರು. ತ್ಸುಕುತ್ತೆ ಒಕು: ಮಾಡಿ ಇಡು. ಪದದ ಹಿಂದೆ ಪದ, ಮನೆಯಲ್ಲಿ ಆಡುವ ಕ್ರಮದಲ್ಲೇ ಬಂದು ಕೂತವು. ರಟ್ಟಿನ ತುಂಡು ತೆಗೆದರೆ ಪುನಃ ಕತ್ತಲೆ.

ಹಾಗಾದರೆ ಇಂಗ್ಲಿಷ್ ಇಲ್ಲದ ಪುಸ್ತಕವೇ ಸರಿ ಎಂದು ಅವಳು ತೀರ್ಮಾನ ಮಾಡಿಬಿಡುತ್ತಿದ್ದಳೋ ಏನೋ. ಆದರೆ ಮರುದಿನ ಒಂದು ಯಡವಟ್ಟಾಯಿತು.

ಕೋಲ್ಡ್ ಸ್ಟೋರೇಜಿನ ಬಾಗಿಲಿನಿಂದ ಹಿರಾಯಾಮ “ಶಶಿ-ಸಾನ್!” ಎಂದು ಕರೆದರು. ಅವಳು ಕೈಯಲ್ಲಿದ್ದ ಲೇಬಲ್ ಬಿಡದೆ, ಕೂತಲ್ಲಿಂದಲೇ “ಕಿಮಾಶಿತ!” ಎಂದು ಕೂಗಿದಳು.

ಕಿಮಾಶಿತ ಎಂದರೆ ಬಂದೆ, ಬಂತು, ಬಂದರು. ಅವರ ಭಾಷೆಯಲ್ಲಿ ಎಲ್ಲದಕ್ಕೂ ಒಂದೇ. ನಮ್ಮ ಊರಿನಲ್ಲಿ ಕರೆದವರಿಗೆ ಯಾರು ತಾನೇ “ಬಂದೆ” ಎನ್ನುವುದಿಲ್ಲ? ಕಾಲು ಇನ್ನೂ ಎದ್ದಿರುವುದಿಲ್ಲ, ಬಾಯಿ ಆಗಲೇ ಬಂದಾಗಿರುತ್ತದೆ. ಹಿರಾಯಾಮ ಅದನ್ನು ಕೇಳಿದವರೇ ಬಾಗಿಲು ಹಾಕಿ ಗೇಟಿನ ಕಡೆ ಓಡಿದರು. ಬೆಳಗಿನಿಂದ ಐಸಿನ ಲಾರಿಗೆ ಕಾದಿದ್ದರು ಪಾಪ. ಗೇಟಿನ ಆಚೆ ಈಚೆ ನೋಡಿ, ಬೆವರು ಒರೆಸುತ್ತ ಮರಳಿ ಬಂದು, ಎಲ್ಲಿ, ಏನು ಬಂತು ಎಂದು ಕೇಳಿದರು.

“ನಾನು,” ಎಂದಳು ಶಶಿಪ್ರಭಾ.

“ನೀನು ಇಲ್ಲೇ ಇದ್ದೀಯಲ್ಲ?”

ಅವಳು ಎದ್ದು ನಿಂತು, ತಡವರಿಸಿ, ವಿಷಯ ಬಿಡಿಸಿ ಹೇಳಿದಳು. ಕರೆದವರ ಹತ್ತಿರ ಹೋಗುವುದಾದರೆ ‘ಇಕಿಮಾಸು’, ಎಂದರೆ ಹೋಗುತ್ತೇನೆ, ಎನ್ನಬೇಕೆಂದು ಹಿರಾಯಾಮ ತಿದ್ದಿದರು. ಅಲಿಯಬ್ಬ ಕಂಬ ಹಿಡಿದುಕೊಂಡು ನಕ್ಕರು. ಅಂದಿನಿಂದ ಯಾರು ಕರೆದರೂ ಅವರದು ಒಂದೇ ಉತ್ತರ: “ಕಿಮಾಶಿತ ಮಾರಾಯಾ, ಕಿಮಾಶಿತ!”

ಶಶಿಪ್ರಭಾಳಿಗೆ ಮಾತ್ರ ಒಳಗೊಳಗೆ ಹೆದರಿಕೆ ಹುಟ್ಟಿತು. ಇಲ್ಲಿ ನಕ್ಕು ಬಿಡುತ್ತಾರೆ, ಪರೀಕ್ಷೆಯಲ್ಲಿ ಅಡ್ಡಗೆರೆ ಎಳೆಯುತ್ತಾರೆ. ಕೆಂಪು ಪುಸ್ತಕವನ್ನು ಹುಡುಕಿ ನೋಡಿದರೆ ಈ ಹೋಗುವ ಬರುವ ವಿಷಯಕ್ಕೆ ಎಚ್ಚರಿಕೆ ಕೊಟ್ಟ ಒಂದು ಪ್ಯಾರಾ ಇತ್ತು. ಡಿಕ್ಷನರಿ ಹಿಡಿದು ಅದನ್ನು ಬಿಡಿಸಿದಳು. ಅದು ಹೇಳಿದ್ದು ಸರಿಯಾಗಿಯೇ ಇತ್ತು. ತನ್ನ ಭಾಷೆಯನ್ನು ನಂಬಿ ಹೊರಟರೆ ಹೀಗೆ ಎಲ್ಲೆಲ್ಲಿ ಗೇಟಿಗೆ ಓಡಿಸುತ್ತದೋ ಯಾರಿಗೆ ಗೊತ್ತು?

ಅದಕ್ಕಿಂತಲೂ ಕಷ್ಟದ ಇನ್ನೊಂದು ಪಾಠವಿತ್ತು. ಜಪಾನಿಯಲ್ಲಿ ಕೊಡುವುದಕ್ಕೆ ಎರಡು ಮಾತು, ಅಗೆರು ಮತ್ತು ಕುರೆರು. ಎರಡಕ್ಕೂ ಅರ್ಥ ಕೊಡು ಎಂದೇ. ಎಲ್ಲಿ ಯಾವುದೆಂದು ಇಂಗ್ಲಿಷಿನಲ್ಲಿ ಉದ್ದಕ್ಕೆ ಬರೆದಿದ್ದರು: ಕೊಡುವವರು, ಪಡೆಯುವವರು, ಒಳಗಿನವರು, ಹೊರಗಿನವರು. ಅವಳು ರಟ್ಟಿನ ತುಂಡು ಇಟ್ಟು ನೋಡಿದಳು, ತೆಗೆದು ನೋಡಿದಳು. ಕನ್ನಡದಲ್ಲಿ ಎಲ್ಲದಕ್ಕೂ ಒಂದೇ ಕೊಡು, ತುಳುವಿನಲ್ಲಿ ಒಂದೇ ಕೊರು. ಹಿರಾಯಾಮರನ್ನು ಕೇಳಿದರೆ, “ನಾವು ಹಾಗೆ ಯೋಚನೆ ಮಾಡಿ ಮಾತಾಡುವುದಿಲ್ಲ, ಬಾಯಿಗೆ ಬರುತ್ತದೆ ಅಷ್ಟೆ” ಎಂದು ಕೈಚೆಲ್ಲಿದರು. ಹೀಗೆ ಮನೆಯ ಮಾತು ಕೈಕೊಡುವ ಕಡೆ ಇಂಗ್ಲಿಷ್ ಬೇಕೇ ಬೇಕು ಎಂದು ಅವಳಿಗೆ ಅನಿಸಿತು. ಹಿರಾಯಾಮ ಹೊರಡುವುದಕ್ಕೆ ಮೂರು ದಿನ ಉಳಿದಿತ್ತು. ಎರಡನೆಯ ಭಾಗವನ್ನೇ ಕಳಿಸಿ ಎಂದು ಹೇಳಲು ಅವಳು ಕುರ್ಚಿಯಿಂದ ಎದ್ದಳು.

ಹೋಗುವ ದಾರಿಯಲ್ಲಿ ಸಿಗಡಿಯನ್ನು ಗಾತ್ರ ನೋಡಿ ವಿಂಗಡಿಸುವ ಮೇಜು. ಅಲಿಯಬ್ಬ ಅಲ್ಲಿ ತನ್ನ ಅಳಿಯ ಸಮದ್‌ನ ಮೇಲೆ ರೇಗಾಡುತ್ತಿದ್ದರು, ಮನೆಯ ಮಾತಿನಲ್ಲಿ, ಎಂದರೆ ಬ್ಯಾರಿ ಭಾಷೆಯಲ್ಲಿ. ಸಮದ್‌ನ ಕೈಯಲ್ಲಿ ಒಂದು ಚೂರಿ ಇತ್ತು. ಅಲಿಯಬ್ಬ ಅವನ ಪಕ್ಕದಲ್ಲೇ ನಿಂತು ಕೈ ಚಾಚಿ “ತಾ” ಎಂದರು. ಅವನು ಕೊಟ್ಟ. ಅವರು ಅದರ ಅಲಗು ನೋಡಿ ಹಿಂದಕ್ಕೆ ಅವನಿಗೇ ಹಿಡಿಸಿ, ಮೇಜಿನ ಆಚೆ ತುದಿಯಲ್ಲಿ ಸಿಗಡಿ ವಿಂಗಡಿಸುತ್ತಿದ್ದ ವೆರೋನಿಕಾಬಾಯಿಯ ಕಡೆ ಗದ್ದ ತೋರಿಸಿ “ಕೊಡು” ಎಂದರು.

ಶಶಿಪ್ರಭಾ ಆ ‘ತಾ’ ಎಂಬ ಮಾತನ್ನು ಅಲಿಯಬ್ಬರ ಬಾಯಲ್ಲಿ ಎಷ್ಟೋ ವರ್ಷದಿಂದ ಕೇಳಿದ್ದಳು. ತೆಗೆದುಕೊಂಡು ಬಾ ಎಂದು ಹೇಳುವುದೆಂದೇ ಅವಳ ನಂಬಿಕೆ; ಕನ್ನಡದಲ್ಲಿ ಅದು ಹಾಗೇ ತಾನೆ? ಆದರೆ ಕೈಯ ಬುಡದಲ್ಲಿ ಇದ್ದದ್ದನ್ನು ಎಲ್ಲಿಂದ ತರುವುದು? ಅವಳು ನಿಂತಳು.

“ಅಲಿಯಬ್ಬಾಕ, ಈಗ ಸಮದನಿಗೆ ಎಂತ ಹೇಳಿದ್ದು ನೀವು?”

“ಯಾಕೆ, ಬೈದದ್ದು ಕೇಳಿತಾ?”

“ಬೈದದ್ದಲ್ಲ. ತಾ ಅಂದ್ರಲ್ಲ, ತರ್ಲಿಕ್ಕೆ ಹೇಳಿದ್ದಾ?”

“ತರ್ಲಿಕ್ಕೆ ಎಂತಕ್ಕೆ, ಅವನ ಕೈಯಲ್ಲೇ ಇತ್ತಲ್ಲ. ಕೊಡ್ಲಿಕ್ಕೆ ಹೇಳಿದ್ದು.”

“ಮತ್ತೆ ಆಮೇಲೆ ಕೊಡು ಅಂದ್ರಿ?”

“ಅದು ವೆರೋನಿಕಾಬಾಯಿಗೆ ಕೊಡ್ಲಿಕ್ಕೆ. ನನಗಾದ್ರೆ ತಾ. ಅವರಿಗೆ ಇವರಿಗೆ ಆದ್ರೆ ಕೊಡು. ನಮ್ಮ ಬ್ಯಾರಿಯಲ್ಲಿ ಹಾಗೆಯೇ.” ಅಲಿಯಬ್ಬ ಅವಳ ಮುಖ ನೋಡಿದರು. “ಎಂತ ಆಯಿತು ನಿನಗೆ? ಬೊಂಬಾಯಿಯಲ್ಲಿ ಬ್ಯಾರಿ ಭಾಷೆಗೂ ಪರೀಕ್ಷೆ ಉಂಟಾ? ಉಂಟಾದ್ರೆ ಹೇಳು, ನಾನೂ ಫೀಸು ಕಟ್ತೇನೆ.”

ಅವಳು ನಗಲಿಲ್ಲ. “ನೀವು ನನಗೆ ಕೊಡುವುದಾದ್ರೆ?” ಎಂದು ಕೇಳಿದಳು.

“ನಿನ್ನ ಎದುರಿಗೆ ನಿಂತು ಹೇಳುವಾಗ ಅದೂ ತಾ ಜಾತಿಯದ್ದೇ. ನನಗೆ, ನಿನಗೆ ಎರಡಕ್ಕೂ ಅದೇ. ಮೂರನೆಯವರಿಗೆ ಮಾತ್ರ ಕೊಡು.”

ಅವಳು ಅಲ್ಲೇ ನಿಂತು ಕೆಂಪು ಪುಸ್ತಕದ ವಾಕ್ಯಗಳನ್ನು ಒಂದೊಂದಾಗಿ ಮನಸ್ಸಿನಲ್ಲಿ ತಿರುವಿದಳು. ಗೆಳತಿ ನನಗೆ ಹೂ ಕೊಟ್ಟಳು: ಕುರೆರು. ಅಲಿಯಬ್ಬರಾದರೆ ತಾ ಎನ್ನುತ್ತಿದ್ದರು. ನಾನು ಗೆಳತಿಗೆ ಹೂ ಕೊಟ್ಟೆ: ಅಗೆರು. ಅಲಿಯಬ್ಬರದು ಕೊಡು. ನಾನು ನಿನಗೆ ಕೊಡುತ್ತೇನೆ ಎಂಬಲ್ಲಿ ಮಾತ್ರ ಲೆಕ್ಕ ತಪ್ಪಿತು. ಜಪಾನಿಯವರು ಅಲ್ಲಿ ಅಗೆರು ಎನ್ನುತ್ತಾರೆ. ಅಷ್ಟೊಂದು ವ್ಯತ್ಯಾಸವನ್ನು ನೆನಪಿಟ್ಟುಕೊಳ್ಳಬಹುದು. ಒಂದು ವಾರ ಇಂಗ್ಲಿಷಿನಲ್ಲಿ ಅಗೆದರೂ ಸಿಗದಿದ್ದದ್ದು ಸಿಗಡಿ ಮೇಜಿನ ಬದಿಯಲ್ಲಿ ನಿಂತಲ್ಲೇ ಸಿಕ್ಕಿತ್ತು.

ಆಫೀಸಿನ ಕೋಣೆಗೆ ಹೋಗುವಾಗ ಅವಳ ನಡಿಗೆ ನಿಧಾನವಾಯಿತು. ಅವಳು ಒಂದನ್ನು ಕಂಡುಕೊಂಡಿದ್ದಳು. ತನಗೆ ಬೇಕಾದದ್ದು ವಿವರಣೆಯಲ್ಲ, ವಾಕ್ಯಗಳು. ಒಂದು ವಾಕ್ಯ ಅರ್ಥವಾಗದಿದ್ದರೆ ಅದರಂತಹ ಇನ್ನೂ ನಾಲ್ಕು ಬೇಕು. ಅವನ್ನು ಕನ್ನಡದ ಪಕ್ಕ ಇಟ್ಟು ನೋಡಬಹುದು, ತುಳುವಿನ ಪಕ್ಕ ಇಡಬಹುದು, ಅಲ್ಲೂ ಆಗದಿದ್ದರೆ ಅಲಿಯಬ್ಬರನ್ನು ಕೇಳಬಹುದು. ಇಂಗ್ಲಿಷಿನ ಪುಸ್ತಕವಾದರೆ ಮೊದಲು ಇಂಗ್ಲಿಷನ್ನು ದಾಟಬೇಕು. ಅದನ್ನು ದಾಟಲಾಗದೆ ತಾನೆ ಅವಳು ಶೆಡ್ಡಿಗೆ ಬಂದದ್ದು? ಆದರೆ ಇಷ್ಟನ್ನು ಹೇಳಬೇಕಾದರೆ ಇನ್ನೊಂದನ್ನೂ ಹೇಳಬೇಕಾಗುತ್ತಿತ್ತು.

ಕೋಣೆಯಲ್ಲಿ ಹಿರಾಯಾಮರ ಜೊತೆ ಹೆಗ್ಡೆಯವರೂ ಇದ್ದರು. ಅವಳು ಇಂಗ್ಲಿಷ್ ಇಲ್ಲದ ಪುಸ್ತಕ ಬೇಕೆಂದು ಹಿರಾಯಾಮರಿಗೆ ಹೇಳಿದಳು. ಅವರು ಹುಬ್ಬೇರಿಸಿ, ಅದು ಕಷ್ಟ, ಇಂಗ್ಲಿಷ್ ಇದ್ದರೆ ನಿನಗೆ ಸುಲಭವಲ್ಲವೇ ಎಂದರು. “ಎಯ್ಗೊ ವಾ ವಾಕರಿಮಾಸೆನ್,” ಎಂದಳು ಅವಳು. ತಲೆ ತಗ್ಗಿಸಿಯೇ ಹೇಳಿದಳು. ಆಮೇಲೆ ಹೆಗ್ಡೆಯವರ ಕಡೆ ತಿರುಗಿ ಅದನ್ನೇ ಕನ್ನಡದಲ್ಲಿ ಹೇಳಿದಳು.

“ನನಗೆ ಇಂಗ್ಲಿಷ್ ಅರ್ಥ ಆಗುವುದಿಲ್ಲ ಸಾರ್. ಪಿಯುಸಿಯಲ್ಲಿ ಹೋದದ್ದೂ ಅದೇ. ಆ ಪುಸ್ತಕ ತರಿಸಿದ್ರೆ ನಾನು ಖಂಡಿತ ಫೇಲಾಗ್ತೇನೆ.”

ಹೆಗ್ಡೆಯವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಮತ್ತೆ ಮೂರು ವರ್ಷದಿಂದ ನೀನು ಇವರ ಹತ್ರ ಮಾತಾಡ್ತಿದ್ದದ್ದು?”

“ಅದು ಜಪಾನಿ ಸಾರ್.”

“ಅಷ್ಟೂ?”

“ಹೌದು ಸಾರ್.”

“ದೇವರೇ,” ಎಂದರು ಹೆಗ್ಡೆಯವರು. “ನಾನು ಅದನ್ನು ಇಂಗ್ಲಿಷ್ ಅಂತ ತಿಳಿದಿದ್ದೆ. ಇವರ ಉಚ್ಚಾರ ಹಾಗೆ, ಅದಕ್ಕೆ ನನಗೆ ತಿಳಿಯುವುದಿಲ್ಲ ಅಂತ.”

ಅಷ್ಟಕ್ಕೇ ಆ ಮಾತು ಮುಗಿಯಿತು. ಹಿರಾಯಾಮ ಮೊದಲ ಹೆಸರನ್ನು ಹೊಡೆದು ಹಾಕಿ ಎರಡನೆಯದರ ಕೆಳಗೆ ಗೆರೆ ಎಳೆದರು. ಮುಗಿಯದೆ ಉಳಿದದ್ದು ಲೋಕನಾಥ ಮಾವನದು. ಅಮ್ಮನ ಕಾಗದದಿಂದ ವಿಷಯ ತಿಳಿದ ಅವರು ಆಫೀಸಿಗೇ ಟ್ರಂಕ್ ಕಾಲ್ ಮಾಡಿದರು.

“ಎಂತ ಶಶಿ, ನಾನು ಕಳಿಸಿದ ಪುಸ್ತಕ ಬೇಡವಂತೆ?”

“ಬೇಡ ಅಂತ ಅಲ್ಲ ಮಾವ. ಎರಡನೇ ಭಾಗ ಬೇಡ ಅಂದೆ.”

“ಅಂಗಡಿಯವ ಏನು ಹೇಳಿದ ಗೊತ್ತುಂಟಾ? ಬೊಂಬಾಯಿಯಲ್ಲಿ ಎಲ್ಲರೂ ಅದನ್ನೇ ಓದುವುದಂತೆ. ಇಂಗ್ಲಿಷ್ ಇಲ್ಲದೆ ಯಾರಾದ್ರೂ ಜಪಾನ್ ಭಾಷೆ ಕಲೀತಾರಾ?”

“ಜಪಾನಿನ ಮಕ್ಕಳು ಕಲೀತಾರಲ್ಲ ಮಾವ?”

“ಬಾಯಿ ಬಂದಿದೆ ನಿನಗೆ,” ಎಂದರು ಮಾವ. ಸಿಟ್ಟಿನಲ್ಲಿ ಹೇಳಿದರೋ ನಗುತ್ತ ಹೇಳಿದರೋ ತಿಳಿಯುವ ಮೊದಲೇ ಲೈನು ಹೋಯಿತು.

ಜುಲೈಯಲ್ಲಿ ಲೇಬಲ್‌ಗಳ ಪೆಟ್ಟಿಗೆ ಬಂತು. ಪುಸ್ತಕ ಬಿಡಿಸಿದ ಮೊದಲ ವಾರ ಶಶಿಪ್ರಭಾಳಿಗೆ ಅಳು ಬಂದದ್ದು ಸುಳ್ಳಲ್ಲ. ಪ್ರಶ್ನೆಯ ಮೇಲೆ ಏನು ಮಾಡಬೇಕೆಂದು ಹೇಳುವ ಸಾಲೂ ಜಪಾನಿಯಲ್ಲೇ ಇತ್ತು. ‘ಸರಿಯಾದುದನ್ನು ಆರಿಸಿ’ ಎಂಬಷ್ಟನ್ನು ಓದಲು ಅವಳಿಗೆ ಎರಡು ಸಂಜೆ ಬೇಕಾಯಿತು. ಆದರೆ ಒಮ್ಮೆ ಓದಿದ ಮೇಲೆ ಅದೇ ಸಾಲು ಪುಟಪುಟಕ್ಕೂ ಸಿಕ್ಕಿತು. ದೋಣಿಗಳು ದಡದಲ್ಲಿದ್ದು ಕಾರ್ಖಾನೆಯಲ್ಲಿ ಕೆಲಸ ಕಡಿಮೆ. ಅಲಿಯಬ್ಬ ಬಲೆಯ ಲೆಕ್ಕ ನೋಡುವ ನೆಪದಲ್ಲಿ ಬಂದು ಕೂತು, ತನ್ನ ಭಾಷೆಯಲ್ಲಿ ಇದಕ್ಕೆ ಎಂತ ಹೇಳ್ತೇವೆ, ಅದಕ್ಕೆ ಎಂತ ಹೇಳ್ತೇವೆ ಎಂದು ತಾವಾಗಿಯೇ ಹೇಳತೊಡಗಿದರು. ಕೆಲವಕ್ಕೆ ಉಪಯೋಗವಾಯಿತು. ಬಹಳಷ್ಟಕ್ಕೆ ಆಗಲಿಲ್ಲ. ಜಪಾನಿಯಲ್ಲಿ ಬೆರೆತುಬರುವ ಚೀನೀ ಅಕ್ಷರಗಳಿಗಂತೂ ಕನ್ನಡವೂ ಇಲ್ಲ, ತುಳುವೂ ಇಲ್ಲ, ಬ್ಯಾರಿಯೂ ಇಲ್ಲ. ಅವನ್ನು ಹಳೆಯ ಕಾರ್ಟನ್‌ಗಳ ಮೇಲೆ ಬರೆದು ಬರೆದೇ ಕಲಿಯಬೇಕಾಯಿತು. ಕೆಲವು ಪುಟಗಳು ಹಿರಾಯಾಮ ಸೆಪ್ಟೆಂಬರಿನಲ್ಲಿ ಮರಳಿ ಬರುವ ತನಕ ಬಾಯಿ ಬಿಡಲೇ ಇಲ್ಲ. ಕಿಮಾಶಿತದ ನೆನಪಿನಿಂದ, ಕನ್ನಡಕ್ಕೆ ತೀರ ಸಲೀಸಾಗಿ ಹೊಂದುವ ವಾಕ್ಯ ಸಿಕ್ಕಿದಾಗಲೆಲ್ಲ ಅವಳು ಅದನ್ನು ಗುರುತು ಹಾಕಿಟ್ಟು, ಅವರಿಗೆ ತೋರಿಸದೆ ನಂಬುತ್ತಿರಲಿಲ್ಲ.

ಡಿಸೆಂಬರಿನಲ್ಲಿ ಬೊಂಬಾಯಿಗೆ ಹೋದಳು. ಮಾವ ಹೋಟೆಲನ್ನು ಮ್ಯಾನೇಜರನಿಗೆ ಬಿಟ್ಟು, ಪರೀಕ್ಷೆಯ ಕಟ್ಟಡದ ಬಾಗಿಲ ತನಕ ಬಂದರು. ವರಾಂಡದಲ್ಲಿ ಕಾಲೇಜಿನ ಹುಡುಗ ಹುಡುಗಿಯರು ಕೆಂಪು ಪುಸ್ತಕದ ಎರಡೂ ಭಾಗ ಹಿಡಿದುಕೊಂಡು ಇಂಗ್ಲಿಷಿನಲ್ಲಿ ಪಟಪಟ ಮಾತಾಡುತ್ತಿದ್ದರು. ಅವರಿಗೆ ಅದು ಚೆನ್ನಾಗಿಯೇ ತಿಳಿದಿತ್ತೆಂದು ಅವರ ಮಾತಿನಲ್ಲೇ ಗೊತ್ತಾಗುತ್ತಿತ್ತು. ಅವರವರ ದಾರಿ ಅವರವರಿಗೆ ಎಂದುಕೊಂಡರೂ ಅವಳು ವರಾಂಡದ ಇನ್ನೊಂದು ತುದಿಗೆ ಹೋಗಿ ನಿಂತಳು.

ಅಕ್ಷರಗಳ ಪತ್ರಿಕೆಯಲ್ಲಿ ಕೆಲವನ್ನು ಅವಳು ಕಣ್ಣುಮುಚ್ಚಿ ಆರಿಸಿದಳು. ಕೇಳಿ ಬರೆಯುವ ಪತ್ರಿಕೆ ಸುಲಭವಾಯಿತು. ಕಂಪ್ರೆಸರಿನ ಗದ್ದಲದ ನಡುವೆ ಹಿರಾಯಾಮರ ಮಾತು ಹಿಡಿದವಳಿಗೆ ಟೇಪ್‌ರೆಕಾರ್ಡರಿನ ಮಾತು ಎಷ್ಟರದು? ವ್ಯಾಕರಣದಲ್ಲಿ ಕೊಡುವ ತೆಗೆದುಕೊಳ್ಳುವ ಪ್ರಶ್ನೆಗಳು ಬಂದಾಗ ಅವಳು ಪೆನ್ಸಿಲ್ ಹಿಡಿದು, ತಾ, ಕೊಡು, ತಾ ಎಂದು ತುಟಿಯಲ್ಲೇ ಹೇಳಿಕೊಂಡಳು. ಮೇಲ್ವಿಚಾರಕಿ ಹತ್ತಿರ ಬಂದು ನಿಂತು, ಅವಳು ಯಾರೊಡನೆ ಮಾತಾಡುತ್ತಾಳೆಂದು ನೋಡಿ ಹೋದರು.

“ಇಂಗ್ಲಿಷಿನಲ್ಲಿ ಎಷ್ಟು ಪ್ರಶ್ನೆ ಕೇಳಿದ್ರು?” ಎಂದು ಮಾವ ಹೊರಗೆ ಕಾದು ನಿಂತು ಕೇಳಿದರು.

“ಒಂದೂ ಇರಲಿಲ್ಲ ಮಾವ.”

“ಒಂದೂ ಇಲ್ವಾ?” ಮಾವ ಟ್ಯಾಕ್ಸಿಗೆ ಕೈ ತೋರಿಸಿದವರು ಕೈ ಇಳಿಸಲು ಮರೆತು ನಿಂತರು. “ಹಾಗಾದ್ರೆ ಆ ಅಂಗಡಿಯವ ನನಗೆ ಎಂತದಪ್ಪ ಮಾರಿದ್ದು?”

ಫಲಿತಾಂಶ ಬಂದದ್ದು ಮಾರ್ಚಿನಲ್ಲಿ, ಕಾರ್ಖಾನೆಯ ವಿಳಾಸಕ್ಕೆ. ಹೆಗ್ಡೆಯವರು ಲಕೋಟೆ ಒಡೆದು ಕಾಗದ ಬಿಡಿಸಿ, ಮೇಲೆ ಕೆಳಗೆ ಮಾಡಿ ನೋಡಿ, ಅವಳನ್ನು ಕರೆಸಿದರು. ಅಲಿಯಬ್ಬ ಬಾಗಿಲಲ್ಲಿ ನಿಂತರು.

“ಎಂತ ಬರ್ದಿದ್ದಾರೆ ನೋಡು. ನನಗೆ ನಿನ್ನ ಹೆಸರು ಬಿಟ್ರೆ ಬೇರೆ ಎಂತದೂ ತಿಳಿಯುವುದಿಲ್ಲ.”

ಅವಳು ಕಾಗದ ತೆಗೆದುಕೊಂಡಳು. ಹುಡುಕಬೇಕಾದ ಮಾತು ಯಾವುದೆಂದು ಹಿರಾಯಾಮ ಮೊದಲೇ ಹೇಳಿಕೊಟ್ಟಿದ್ದರು. ಎರಡು ಅಕ್ಷರಗಳಿದ್ದರೆ ಪಾಸು. ಅದೇ ಎರಡು ಅಕ್ಷರಗಳ ಮುಂದೆ ಇನ್ನೊಂದು ಪುಟ್ಟ ಅಕ್ಷರವಿದ್ದರೆ, ನಾಲ್ಕೇ ಗೆರೆಯದ್ದು, ನಪಾಸು. ಆ ಎರಡು ಅಕ್ಷರಗಳು ಕೂಡಲೇ ಸಿಕ್ಕಿದವು. ಆದರೆ ಕಾಗದದ ಮಡಿಕೆ ಸರಿಯಾಗಿ ಅವುಗಳ ಮುಂದೆಯೇ ಹಾದು, ಅಲ್ಲಿ ಅಚ್ಚು ಮಸುಕಾಗಿತ್ತು. ಅವಳು ಮಡಿಕೆಯನ್ನು ಹೆಬ್ಬೆರಳಿನಿಂದ ತಿಕ್ಕಿ ನೇರ ಮಾಡಿದಳು. ಕಿಟಕಿಯ ಬೆಳಕಿಗೆ ಹಿಡಿದಳು. ಹಿಂಬದಿಯಿಂದಲೂ ನೋಡಿದಳು. ಗೆರೆಯಿರಲಿಲ್ಲ, ಮಡಿಕೆ ಮಾತ್ರ ಇತ್ತು.

“ಗೋಕಾಕು,” ಎಂದಳು.

“ಗೋಕಾಕಾ?” ಹೆಗ್ಡೆಯವರು ಮುಂದಕ್ಕೆ ಬಾಗಿದರು. “ಅದು ಬೆಳಗಾವಿ ಬದಿಯ ಊರಲ್ವಾ?”

“ಅಲ್ಲಿಗೆ ಯಾಕೆ ಕಳಿಸ್ತಾರೆ ಇವಳನ್ನು?” ಎಂದರು ಅಲಿಯಬ್ಬ ಬಾಗಿಲಿನಿಂದಲೇ. “ಸಮುದ್ರ ಇಲ್ಲ, ಎಂತ ಇಲ್ಲ, ಆ ಊರಿನಲ್ಲಿ ಸಿಗಡಿ ಎಲ್ಲಿಂದ ಬರಬೇಕು?”

“ಊರಲ್ಲ ಅಲಿಯಬ್ಬಾಕ. ಪಾಸಾಯಿತು ಅಂತ ಅದರ ಅರ್ಥ.”

ಅಲಿಯಬ್ಬ ಹೊರಗೆ ತಿರುಗಿ, ಶೆಡ್ಡಿನ ಕಡೆ ಕೈ ಬೀಸಿ, “ವೆರೋನಿಕಾಬಾಯಿ, ನಮ್ಮ ಶಶಿ ಗೋಕಾಕಂತೆ!” ಎಂದು ಕೂಗಿದರು. ಅತ್ತಣಿಂದ ಯಾರೋ “ಯಾವಾಗ ಹೋಗುವುದಂತೆ?” ಎಂದು ಕೇಳಿದ್ದು ಕೇಳಿಸಿತು.

ಹೆಗ್ಡೆಯವರು ನಕ್ಕು ಮುಗಿಸಿ, ಡ್ರಾವರಿನಿಂದ ಇನ್ನೊಂದು ಕಾಗದ ತೆಗೆದು ಅವಳ ಮುಂದೆ ಸರಿಸಿದರು. ಹೊಸ ಮಾಲಿನ ಪ್ಯಾಕಿಂಗ್ ಸೂಚನೆ, ಪೂರ್ತಿ ಜಪಾನಿಯಲ್ಲಿ. ಬಂದು ಎರಡು ದಿನವಾಗಿತ್ತು. “ಹಾಗಾದ್ರೆ ಇದನ್ನು ಓದು ನೋಡುವ. ಬೊಂಬಾಯಿಯವನಿಗೆ ಬರೆಯುವುದು ಬೇಡ ಇನ್ನು.”

ಶಶಿಪ್ರಭಾ ತನ್ನ ಕುರ್ಚಿಯಲ್ಲಿ ಕೂತು ಕಾಗದವನ್ನು ಎಳೆದುಕೊಂಡಳು. ಮೊದಲ ಸಾಲು ಓದಿ ಕನ್ನಡದಲ್ಲಿ ಹೇಳಿದಳು. ಎರಡನೆಯದನ್ನೂ ಹೇಳಿದಳು. ಮೂರನೆಯ ಸಾಲಿನ ನಡುವೆ ನಿಂತಳು.

“ಈ ಒಂದು ಅಕ್ಷರ ನನಗೆ ಗೊತ್ತಿಲ್ಲ ಸಾರ್,” ಎಂದಳು. “ಹಿರಾಯಾಮ ಕೋಲ್ಡ್ ಸ್ಟೋರೇಜಿನಲ್ಲಿದ್ದಾರೆ, ಕೇಳಿ ಬರ್ತೇನೆ.”

ಕಾಗದ ಹಿಡಿದುಕೊಂಡು ಎದ್ದು ಹೋದಳು.